ಹೊಟ್ಟೆನೋವಿನ ಇನ್ನೊಂದು ಹೆಸರು



ಚಿಕ್ಕ ಮಕ್ಕಳ ಮನಸ್ಸಿನ ಬಗ್ಗೆ ನಡೆಯುವ ಸಂವಾದ ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಹೇಳಲಾಗದೆ ಉಳಿದ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ. ಅದನ್ನು ಮನಃಶಾಸ್ತ್ರದಿಂದ ಆರಂಭಿಸುವ ಬದಲು ನಮ್ಮ ಅಕ್ಕನ ಮನೆಯಿಂದಲೇ ಆರಂಭಿಸುತ್ತೇನೆ.

ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ ನಮ್ಮ ಅಕ್ಕ ಇದ್ದಾಳೆ. ಅವಳ ಮೊಮ್ಮಗನಿಗೆ ನಾಲ್ಕೂವರೆ ವರ್ಷ. ಇಲ್ಲಿ ಅವನನ್ನು ಪುಟ್ಟ ಎಂದು ಕರೆಯೋಣ. ಕಳೆದ ವರ್ಷ ಮಳೆಗಾಲದ ನಂತರ ಅವನಿಗೆ ಒಂದು ವಿಚಿತ್ರ ಹೊಟ್ಟೆನೋವು ಶುರುವಾಯಿತು. ಅದು ಬರುತ್ತಿದ್ದುದು ಬೆಳಿಗ್ಗೆ ಒಂಬತ್ತೂವರೆಗೆ, ಅಂಗನವಾಡಿಗೆ ಹೊರಡುವ ಹೊತ್ತಿಗೆ ಸರಿಯಾಗಿ. ಭಾನುವಾರ ಬರುತ್ತಿರಲಿಲ್ಲ. ಓಂಕಾಳಿನ ನೀರು ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು, ಕಂಪ್ಲಿಗೆ ಕರೆದೊಯ್ದು ವೈದ್ಯರಿಗೆ ತೋರಿಸಿದ್ದಾಯಿತು. ಜಂತುಹುಳುವಿನ ಔಷಧಿಯೂ ಆಯಿತು. ದೇಹದಲ್ಲಿ ಯಾವ ತೊಂದರೆಯೂ ಇಲ್ಲ ಎಂದರು. ಮನೆಯಲ್ಲಿ ಕೊನೆಗೆ ಬಂದ ತೀರ್ಮಾನ ನಿಮಗೆ ಗೊತ್ತೇ ಇರುವಂಥದ್ದು: "ಸುಳ್ಳು ಹೇಳ್ತಾನ, ನಾಟಕ ಮಾಡ್ತಾನ."

ಪುಟ್ಟನ ಅಪ್ಪ ಅವ್ವ ಇಬ್ಬರೂ ಬೆಂಗಳೂರಿನಲ್ಲಿದ್ದಾರೆ. ಅವ್ವ ಗಾರ್ಮೆಂಟ್ಸ್‌ನಲ್ಲಿ, ಅಪ್ಪ ಗಾಡಿ ಓಡಿಸುವ ಕೆಲಸದಲ್ಲಿ. ಹುಡುಗ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾನೆ. ಮನೆಯಲ್ಲಿರುವ ಇನ್ನೊಬ್ಬಳು ಅವನ ಅತ್ತೆ, ಅಂದರೆ ನಮ್ಮ ಅಕ್ಕನ ಕಿರಿಯ ಮಗಳು. ಪಿಯುಸಿ ಓದುತ್ತಿದ್ದಾಳೆ. ಒಂದು ಸಂಜೆ ಈ ಹುಡುಗಿ ಎಲ್ಲಿಂದಲೋ ತಂದ ಒಂದು ಚಿತ್ರಪುಸ್ತಕವನ್ನು ಅವನಿಗೆ ತೋರಿಸುತ್ತಿದ್ದಳು. ರಕ್ಷಾಪುಟ ಹರಿದುಹೋಗಿದ್ದರಿಂದ ಅದರ ಹೆಸರೂ ತಿಳಿಯದು. ಅದರ ಒಂದು ಪುಟದಲ್ಲಿ ಮುಚ್ಚಿದ ಬಾಗಿಲು, ಬಾಗಿಲ ಮುಂದೆ ಒಂದು ನಾಯಿಮರಿ. ಅಷ್ಟೇ ಚಿತ್ರ. ಅವಳು ಪುಟ ತಿರುಗಿಸಲು ಹೋದಾಗ ಪುಟ್ಟ ಕೈ ಅಡ್ಡ ಇಟ್ಟ. ನಾಯಿಮರಿಯ ಮೇಲೆ ಬೆರಳಿಟ್ಟು, "ಅತ್ತೀ, ಇದಕ್ಕ ಹೊಟ್ಟಿ ನೋಯ್ತೈತಿ" ಎಂದ.

ಈ ಹುಡುಗಿಯ ಜಾಗದಲ್ಲಿ ನಾನಿದ್ದಿದ್ದರೆ "ಇಲ್ಲಪ್ಪ, ಅದಕ್ಕೆ ಬೇಜಾರಾಗಿದೆ" ಎಂದು ತಿದ್ದಿಬಿಡುತ್ತಿದ್ದೆನೇನೋ. ಅವಳು ತಿದ್ದಲಿಲ್ಲ. "ಯಾಕ ನೋಯ್ತೈತಿ?" ಎಂದಳು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಒಳಗ ಹೋಗಿ ಬರೂದ್ರೊಳಗ ಎಲ್ಲಾರೂ ಹೋಗಿಬಿಡ್ತಾರ" ಎಂದ.

ಅವನ ಅವ್ವ ಬೆಂಗಳೂರಿಗೆ ಹೋದದ್ದು ಒಂದು ಬೆಳಿಗ್ಗೆ, ಅವನು ಅಂಗನವಾಡಿಯಲ್ಲಿದ್ದಾಗ. ಹೊರಡುವಾಗ ಮಗು ಅಳಬಾರದೆಂದು ಮನೆಯವರೇ ಮಾಡಿದ ಏರ್ಪಾಡು ಅದು.

ಹೊಟ್ಟೆ ನಿಜವಾಗಿಯೂ ನೋಯುತ್ತದೆ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪುಟ್ಟ ಸುಳ್ಳು ಹೇಳುತ್ತಿರಲಿಲ್ಲ. ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ಅಡ್ರಿನಲಿನ್ ಬಗ್ಗೆ ಓದಿದ್ದೀರಿ. ಭಯವಾದಾಗ ಈ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಹೃದಯ ಬಡಿತ ಏರುತ್ತದೆ. ಓಡಲು ಬೇಕಾದ ಸ್ನಾಯುಗಳ ಕಡೆಗೆ ರಕ್ತ ಹೆಚ್ಚು ಹರಿಯುತ್ತದೆ, ಜೀರ್ಣಾಂಗಗಳ ಕಡೆಗೆ ಕಡಿಮೆಯಾಗುತ್ತದೆ. ನಮ್ಮ ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳ ಒಂದು ಜಾಲವೇ ಇದೆ. ಅದು ಮೆದುಳಿನೊಡನೆ ಸದಾ ಮಾತಾಡುತ್ತಿರುತ್ತದೆ. ಹೀಗಾಗಿ ದಿಗಿಲುಗೊಂಡ ಮಗುವಿಗೆ ಹೊಟ್ಟೆ ಹಿಂಡಿದಂತಾಗುವುದು, ಹಸಿವು ಇಲ್ಲವಾಗುವುದು ಶರೀರದ ನಿಜವಾದ ಸಂಗತಿ. ಪರೀಕ್ಷೆಯ ದಿನ ಬೆಳಿಗ್ಗೆ ನಿಮಗೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲವಲ್ಲ, ಅದೂ ಇದೇ.

ವ್ಯತ್ಯಾಸ ಇಷ್ಟೇ: "ನನಗೆ ಪರೀಕ್ಷೆಯ ಹೆದರಿಕೆ" ಎಂದು ಹೇಳಿಕೊಳ್ಳಲು ನಿಮಗೆ ಬರುತ್ತದೆ. ನಾಲ್ಕು ವರ್ಷದ ಮಗುವಿಗೆ ಹೊಟ್ಟೆ ಹಿಂಡುವುದು ಗೊತ್ತು, ಅದರ ಹೆಸರು ಗೊತ್ತಿಲ್ಲ. ಹೆಸರಿಲ್ಲದ್ದನ್ನು ಅದು ಬೇರೆ ದಾರಿಯಲ್ಲಿ ಹೇಳುತ್ತದೆ. ಕೆಲವು ಮಕ್ಕಳು ಕಚ್ಚುತ್ತಾರೆ, ಕೆಲವರು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ, ಕೆಲವರು ಮಾತನ್ನೇ ನಿಲ್ಲಿಸುತ್ತಾರೆ. ದೊಡ್ಡವರು ಇದಕ್ಕೆ ಹಟ, ಸೊಕ್ಕು, ನಾಟಕ ಎಂದು ಹೆಸರಿಡುತ್ತಾರೆ.

ಹಾಗೆಂದು ಹೊಟ್ಟೆನೋವನ್ನೆಲ್ಲ ಮನಸ್ಸಿನದು ಎಂದು ಭಾವಿಸಬಾರದು. ಮೊದಲು ವೈದ್ಯರು ನೋಡಬೇಕು. ನಮ್ಮ ಅಕ್ಕ ಆ ಕ್ರಮವನ್ನು ಸರಿಯಾಗಿಯೇ ಅನುಸರಿಸಿದ್ದಳು.

ನಮ್ಮ ಕನ್ನಡವನ್ನೇ ನೋಡಿ. ಭಾವನೆಗಳ ವಿಳಾಸವನ್ನು ಅದು ದೇಹದಲ್ಲೇ ಬರೆದಿಟ್ಟಿದೆ. ಅಸೂಯೆಯಾದರೆ ಹೊಟ್ಟೆಕಿಚ್ಚು. ಭಯವಾದರೆ ಎದೆ ಡವಡವ. ಕನಿಕರ ಬಂದರೆ ಕರುಳು ಚುರ್ ಎನ್ನುತ್ತದೆ. ದುಃಖ ಬಂದರೆ ಗಂಟಲು ಕಟ್ಟುತ್ತದೆ. ಇಷ್ಟೆಲ್ಲ ಇರುವ ಭಾಷೆಯಲ್ಲಿ ಹುಟ್ಟಿದ ಮಗು "ಹೊಟ್ಟೆ ನೋಯುತ್ತದೆ" ಎಂದರೆ ಅದು ತಪ್ಪು ಕನ್ನಡವೇನೂ ಅಲ್ಲ.

ಮುಖ ಮಾತ್ರ ಸಾಲದು

ಈಗ ಚಿತ್ರಪುಸ್ತಕದ ವಿಷಯಕ್ಕೆ ಬರೋಣ. ಮಕ್ಕಳಿಗೆ ಭಾವನೆಗಳ ಹೆಸರು ಕಲಿಸಬೇಕೆಂದರೆ ಬಹಳ ಜನರಿಗೆ ಮೊದಲು ಹೊಳೆಯುವುದು ಗೋಡೆಗೆ ಹಾಕುವ ಪಟ. ಆರು ದುಂಡು ಮುಖಗಳು, ಒಂದು ನಗುತ್ತಿದೆ, ಒಂದು ಅಳುತ್ತಿದೆ, ಕೆಳಗೆ ಹೆಸರು. ಇಂಥ ಪಟಗಳ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಅದಕ್ಕೆ ಕಾರಣ ನನ್ನ ಕಸುಬು.

ಸಂಕಲನದ ಕೋಣೆಯಲ್ಲಿ ಕೂತವರಿಗೆಲ್ಲ ಗೊತ್ತಿರುವ ಒಂದು ಪ್ರಯೋಗವಿದೆ. 1920ರ ಸುಮಾರಿಗೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ಚಲನಚಿತ್ರ ನಿರ್ದೇಶಕ ಮಾಡಿದ್ದು. ಮೊಜ್ಜೂಖಿನ್ ಎಂಬ ನಟನ ಭಾವವಿಲ್ಲದ ಮುಖದ ಒಂದೇ ಚಿತ್ರಿಕೆಯನ್ನು ತೆಗೆದುಕೊಂಡು, ಅದರ ಪಕ್ಕದಲ್ಲಿ ಒಮ್ಮೆ ಸೂಪಿನ ತಟ್ಟೆ, ಒಮ್ಮೆ ಶವಪೆಟ್ಟಿಗೆ, ಹೀಗೆ ಬೇರೆ ಬೇರೆ ದೃಶ್ಯ ಜೋಡಿಸಿದ. ನೋಡಿದವರು ನಟನ ಮುಖದಲ್ಲಿ ಹಸಿವು ಕಂಡರು, ದುಃಖ ಕಂಡರು, ಅಭಿನಯವನ್ನು ಹೊಗಳಿದರು ಎಂದು ಹೇಳುತ್ತಾರೆ. ಆ ಮೂಲ ತುಣುಕು ಉಳಿದಿಲ್ಲ. ಆದರೆ ಅದರ ಪಾಠವನ್ನು ನಾವು ದಿನವೂ ಬಳಸುತ್ತೇವೆ. ಮುಖ ಏನು ಹೇಳುತ್ತದೆ ಎಂಬುದನ್ನು ಅದರ ಹಿಂದಿನ ಮುಂದಿನ ದೃಶ್ಯಗಳು ನಿರ್ಧರಿಸುತ್ತವೆ.

ಕನ್ನಡ ಕಾವ್ಯಮೀಮಾಂಸೆ ಓದುವವರಿಗೆ ಇದು ಹೊಸದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂಬ ಎಂಟು ಸ್ಥಾಯಿಭಾವಗಳನ್ನು ನೀವು ಬಾಯಿಪಾಠ ಮಾಡಿರಬಹುದು. ಅದಕ್ಕಿಂತ ಮುಖ್ಯವಾದದ್ದು ಜೊತೆಗೆ ಬರುವ ವಿಭಾವ, ಅನುಭಾವ, ವ್ಯಭಿಚಾರಿಭಾವಗಳು. ವಿಭಾವ ಎಂದರೆ ಭಾವಕ್ಕೆ ಕಾರಣವಾದದ್ದು. ಅನುಭಾವ ಎಂದರೆ ಮೈಮೇಲೆ ಕಾಣುವ ಗುರುತು. ವ್ಯಭಿಚಾರಿಭಾವ ಎಂದರೆ ನಡುವೆ ಬಂದುಹೋಗುವ ಸಣ್ಣಪುಟ್ಟ ಭಾವ. ಗೋಡೆಯ ಪಟದಲ್ಲಿ ಅನುಭಾವ ಮಾತ್ರ ಇದೆ. ಚಿತ್ರಪುಸ್ತಕದಲ್ಲಿ ಮೂರಕ್ಕೂ ಜಾಗವಿದೆ, ಏಕೆಂದರೆ ಅದರಲ್ಲಿ ಪುಟ ತಿರುಗುತ್ತದೆ.

ವಿಜ್ಞಾನದ ಕಡೆಯಿಂದಲೂ ನೋಡಬಹುದು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವ ಪ್ರಕಟಣೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಮುಖಗಳ ಛಾಯಾಚಿತ್ರಗಳನ್ನು ಮನೆಗೆ ಬಂದವರಿಗೆ ತೋರಿಸಿ ಇದು ಯಾವ ಭಾವ ಎಂದು ಕೇಳಿದ್ದ. ಕೆಲವು ಚಿತ್ರಗಳಿಗೆ ಎಲ್ಲರೂ ಒಂದೇ ಉತ್ತರ ಕೊಟ್ಟರೆ, ಕೆಲವಕ್ಕೆ ಉತ್ತರಗಳು ಚದುರಿಹೋದವು. ದೊಡ್ಡವರಿಗೇ ಹೀಗೆ. ಮಕ್ಕಳ ಬಗ್ಗೆ ಶೆರಿ ವೈಡನ್ ಮತ್ತು ಜೇಮ್ಸ್ ರಸೆಲ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಸ್ವಾರಸ್ಯಕರವಾಗಿದೆ. ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳಿಗೆ ಭಾವದ ಹೆಸರುಗಳು ಒಂದೇ ಸಲ ಬರುವುದಿಲ್ಲ. ಮೊದಲು ಬರುವುದು ಸಂತೋಷ, ಆಮೇಲೆ ಸಿಟ್ಟು ಮತ್ತು ದುಃಖ. ಹೆದರಿಕೆ, ಆಶ್ಚರ್ಯ ಅದರ ನಂತರ. ಅಸಹ್ಯಪಡುವ ಮುಖವನ್ನು ಗುರುತಿಸುವುದು ಎಲ್ಲಕ್ಕಿಂತ ತಡ. ಅದನ್ನು ಬಹಳ ಮಕ್ಕಳು ಸಿಟ್ಟು ಎಂದೇ ಹೇಳುತ್ತಾರೆ. ಆದ್ದರಿಂದ ಮೂರು ವರ್ಷದ ತಮ್ಮ ಚಿತ್ರದಲ್ಲಿನ ಹೆದರಿದ ಮೊಲಕ್ಕೆ "ಸಿಟ್ಟು ಬಂದೈತಿ" ಎಂದರೆ ಅವನು ದಡ್ಡನಲ್ಲ. ಅವನ ಬಳಿ ಇರುವ ಮೂರು ಡಬ್ಬಿಗಳಲ್ಲಿ ಒಂದಕ್ಕೆ ಅದನ್ನು ಹಾಕಿದ್ದಾನೆ, ನಾಲ್ಕನೆಯದು ಇನ್ನೂ ಬರಬೇಕು.

ನಮ್ಮ ಕಡೆಯವರಿಗೆ ಚಿತ್ರದಲ್ಲಿ ಕಥೆ ನೋಡುವುದು ಪರಕೀಯವಲ್ಲ. ಹಂಪಿಯ ಹಜಾರ ರಾಮ ದೇವಾಲಯಕ್ಕೆ ಶಾಲೆಯ ಪ್ರವಾಸದಲ್ಲಿ ಹೋಗಿರುತ್ತೀರಿ. ಹದಿನೈದನೆಯ ಶತಮಾನದ ಆರಂಭದ ಆ ಗುಡಿಯ ಗೋಡೆಗಳ ಮೇಲೆ ರಾಮಾಯಣ ಸಾಲುಸಾಲಾಗಿ, ಪ್ರಸಂಗದಿಂದ ಪ್ರಸಂಗಕ್ಕೆ ಸಾಗುತ್ತದೆ. ಅಲ್ಲಿನ ಮುಖಗಳು ಸಣ್ಣವು, ಕೆಲವು ಸವೆದಿವೆ. ಆದರೂ ಯಾರು ಶೋಕದಲ್ಲಿದ್ದಾರೆ, ಯಾರು ಯುದ್ಧದ ಹುಮ್ಮಸ್ಸಿನಲ್ಲಿದ್ದಾರೆ ಎಂದು ತಿಳಿಯುತ್ತದೆ. ನಿಂತ ಭಂಗಿ, ಬಾಗಿದ ಬೆನ್ನು, ಎತ್ತಿದ ಕೈ, ಹಿಂದಿನ ಚೌಕದಲ್ಲಿ ನಡೆದದ್ದು, ಇವು ಹೇಳುತ್ತವೆ. ತೊಗಲು ಗೊಂಬೆಯಾಟದಲ್ಲಂತೂ ತೊಗಲಿನ ಮೇಲೆ ಬರೆದ ಮುಖ ಬದಲಾಗುವುದೇ ಇಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ಆ ಕಲೆಯನ್ನು ಊರೂರಿಗೆ ಕೊಂಡೊಯ್ದರು. ಆ ಆಟದಲ್ಲಿ ಅಲುಗದ ಮುಖದ ಕಿಳ್ಳೇಕ್ಯಾತನಿಗೆ ಸಿಟ್ಟು, ನಾಚಿಕೆ, ಪೇಚು ಎಲ್ಲವೂ ಬರುವುದು ಹಿಂದಿನ ದನಿಯಿಂದ, ಕೈಯ ಕುಲುಕಾಟದಿಂದ. ಪುಸ್ತಕವನ್ನು ಗಟ್ಟಿಯಾಗಿ ಓದಿ ತೋರಿಸುವವರ ಕೆಲಸವೂ ಹೆಚ್ಚುಕಡಿಮೆ ಅದೇ.

ಕೇಳಬೇಕು, ಕಾಯಬೇಕು

ಮಗುವಿಗೆ ಓದಿ ತೋರಿಸುವವರು ಸಾಮಾನ್ಯವಾಗಿ ಮಾಡುವುದು ಹೀಗೆ. "ನೋಡು, ಇವನಿಗೆ ಸಿಟ್ಟು ಬಂದಿದೆ. ನೋಡು, ಇವಳು ಅಳುತ್ತಿದ್ದಾಳೆ." ಹೇಳುತ್ತಾ ಹೋಗುತ್ತೇವೆ, ಮಗು ತಲೆಯಾಡಿಸುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸೀಲಿಯಾ ಬ್ರೌನೆಲ್ ಮತ್ತು ಸಂಗಡಿಗರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳೊಡನೆ ತಂದೆತಾಯಿ ಪುಸ್ತಕ ನೋಡುವುದನ್ನು ಗಮನಿಸಿದರು. 2013ರಲ್ಲಿ ಅದನ್ನು ಪ್ರಕಟಿಸಿದರು. ಭಾವನೆಗಳ ಬಗ್ಗೆ ತಾವೇ ಹೇಳಿದ ತಂದೆತಾಯಿಗಿಂತ, ಮಗುವನ್ನು ಕೇಳಿ ಅದರ ಬಾಯಿಂದ ಹೇಳಿಸಿದವರ ಮಕ್ಕಳು ಇತರರಿಗೆ ಬೇಗ ನೆರವಾಗುತ್ತಿದ್ದರು, ಹೆಚ್ಚು ಹಂಚಿಕೊಳ್ಳುತ್ತಿದ್ದರು. ಒಂದರಿಂದಲೇ ಇನ್ನೊಂದು ಆಯಿತು ಎಂದು ಇಂಥ ಅಧ್ಯಯನದಿಂದ ಸಾಧಿಸಲಾಗದು, ಎರಡೂ ಜೊತೆಯಾಗಿ ಕಂಡವು ಅಷ್ಟೇ. ಆದರೂ ಮೆಟ್ರಿಯ ಆ ಹುಡುಗಿ "ಯಾಕ ನೋಯ್ತೈತಿ?" ಎಂದು ಕೇಳಿದಾಗ ನಡೆದದ್ದು ನನಗೆ ಇದರ ಜೊತೆಯಲ್ಲೇ ನೆನಪಾಗುತ್ತದೆ.

ಕೇಳಿದ ಮೇಲೆ ಕಾಯುವುದು ಕಷ್ಟದ ಕೆಲಸ. ದೂರದರ್ಶನದಲ್ಲಿ ಐದು ಸೆಕೆಂಡು ಮೌನ ಬಂದರೆ ನಾವು ಬೆವರುತ್ತೇವೆ. ಮಗುವಿಗೆ ಆ ಐದು ಸೆಕೆಂಡು ಸಾಲದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆಗಲೂ ಉತ್ತರ ಬರದಿದ್ದರೆ ಪುಟ ತಿರುಗಿಸಿ. ಇದು ಮೌಖಿಕ ಪರೀಕ್ಷೆಯಲ್ಲ. ಪ್ರತಿ ಪುಟಕ್ಕೂ "ಇವನಿಗೆ ಏನಾಗಿದೆ? ಇವಳಿಗೆ ಏನಾಗಿದೆ?" ಎಂದು ಪೀಡಿಸಿದರೆ ಮಗು ಎದ್ದು ಹೋಗುತ್ತದೆ. ಹೋಗುವುದೇ ಸರಿ. ಒಂದು ಪುಸ್ತಕಕ್ಕೆ ಎರಡು ಪ್ರಶ್ನೆ ಸಾಕು. ಅವೂ ಚಿತ್ರದಲ್ಲಿನ ನಾಯಿಯ ಬಗ್ಗೆ, ಮೊಲದ ಬಗ್ಗೆ ಇರಲಿ. "ನಿನಗೂ ಹೀಗೇ ಆಗುತ್ತದಾ?" ಎಂದು ಕೂಡಲೇ ಅವನ ಕಡೆ ತಿರುಗಿಸಬೇಡಿ. ನಾಯಿಮರಿಯ ಹೊಟ್ಟೆನೋವಿನ ಬಗ್ಗೆ ಮಾತಾಡಲು ಪುಟ್ಟನಿಗೆ ಧೈರ್ಯವಿತ್ತು, ತನ್ನದರ ಬಗ್ಗೆ ಇರಲಿಲ್ಲ. ಪುಸ್ತಕದ ಉಪಕಾರವೇ ಅದು.

ಎಂಥ ಪುಸ್ತಕ? "ಭಾವನೆಗಳು" ಎಂದು ಮುಖಪುಟದ ಮೇಲೆಯೇ ಬರೆದುಕೊಂಡ ಪುಸ್ತಕವೇ ಆಗಬೇಕೆಂದಿಲ್ಲ. ಏನಾದರೂ ನಡೆಯುವ ಕಥೆ ಇದ್ದರೆ ಸಾಕು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯ ಪುಸ್ತಕಗಳಲ್ಲಿ ಶೃಂಗೇರಿ ಶ್ರೀನಿವಾಸನೆಂಬ ರೈತನದೊಂದು ಕಥೆ ಇದೆ, ರೋಹಿಣಿ ನಿಲೇಕಣಿಯವರು ನೋನಿ ಎಂಬ ಹೆಸರಿನಲ್ಲಿ ಬರೆದದ್ದು. ಅವನು ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವವನು. ಆ ದಿನ ಯಾರ ಬಳಿ ಹೋದರೂ ಪುರುಸೊತ್ತಿಲ್ಲ ಎನ್ನುತ್ತಾರೆ. ಆಸೆಯಿಂದ ಹೊರಟವನಿಗೆ ನಿರಾಸೆಯಾಗುತ್ತದೆ, ಸಿಟ್ಟು ಬರುತ್ತದೆ, ಕಾಡಿಗೆ ಹೋದಾಗ ಹುಲಿಯಿಂದ ಗಾಬರಿಯಾಗುತ್ತದೆ, ಕೊನೆಗೆ ನಗು. ನಾಲ್ಕೈದು ಭಾವಗಳು ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬರುತ್ತವೆ, ಆದರೆ ಪುಸ್ತಕ ಉಪದೇಶ ಮಾಡುವುದಿಲ್ಲ. ಹೊರದೇಶದ ಉದಾಹರಣೆಯೆಂದರೆ ಮೌರಿಸ್ ಸೆಂಡಾಕ್ 1963ರಲ್ಲಿ ಬರೆದು ಚಿತ್ರಿಸಿದ, ಕಾಡುಮೃಗಗಳ ನಾಡಿಗೆ ಹೋಗುವ ಮ್ಯಾಕ್ಸ್ ಎಂಬ ತುಂಟನ ಕಥೆ. ಅಮ್ಮ ಗದರಿ ಕೋಣೆಗೆ ಅಟ್ಟಿದ ಹುಡುಗ ಸಿಟ್ಟಿನಲ್ಲೇ ದೂರದ ಯಾತ್ರೆ ಮಾಡಿ, ಒಂಟಿತನ ಅನುಭವಿಸಿ ಹಿಂದಿರುಗುತ್ತಾನೆ. ಊಟ ಇನ್ನೂ ಬಿಸಿಯಾಗಿಯೇ ಇರುತ್ತದೆ. ಅದರಲ್ಲಿ ಸಿಟ್ಟು ಕೆಟ್ಟದ್ದು ಎಂದು ಎಲ್ಲಿಯೂ ಹೇಳಿಲ್ಲ.

ಪುಸ್ತಕ ಕೊಳ್ಳಲು ಹಣ ಬೇಕೆಂದೇನೂ ಇಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ "ಓದುವ ಬೆಳಕು" ಕಾರ್ಯಕ್ರಮ 2020ರಲ್ಲಿ ಆರಂಭವಾಗಿದೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಚಿತ್ರಪುಸ್ತಕಗಳು ಬೀರುವಿನ ಬೀಗದೊಳಗೆ ಇದ್ದರೆ ಹೊರಗೆ ತೆಗೆಸಿ. ಪ್ರಥಮ್ ಬುಕ್ಸ್‌ನವರದೇ ಸ್ಟೋರಿವೀವರ್ ಎಂಬ ಅಂತರ್ಜಾಲ ತಾಣದಲ್ಲಿ 2015ರಿಂದ ಕನ್ನಡ ಚಿತ್ರಕಥೆಗಳನ್ನು ಹಣ ಕೊಡದೆ ಓದಬಹುದು. ಫೋನಿನಲ್ಲಿ ತೋರಿಸುವುದಾದರೆ ಫೋನು ನಿಮ್ಮ ಕೈಯಲ್ಲೇ ಇರಲಿ.

ಮನೆಯ ಮಾತು

ಹೆಸರು ಕಲಿಸುವಾಗ ಪುಸ್ತಕದ ಕನ್ನಡವೇ ಬೇಕೆಂಬ ಹಟ ಬೇಡ. ನಮ್ಮಲ್ಲಿ ಅಂಜಿಕೆ ಇದೆ, ಗಾಬರಿ ಇದೆ, ದಿಗಿಲು ಇದೆ. ಮೂರೂ ಬೇರೆ ಬೇರೆ. ಪಟಾಕಿ ಸಿಡಿದಾಗ ಆಗುವುದು ಗಾಬರಿ. ಅವ್ವ ಯಾವಾಗ ಬರುತ್ತಾಳೋ ಎಂದು ಒಳಗೇ ಕೂತಿರುವುದು ದಿಗಿಲು. ಅಪರಿಚಿತರ ಮುಂದೆ ಮಾತು ಹೊರಡದಿರುವುದು ಅಂಜಿಕೆ. ಮುನಿಸು ಎಂಬ ಮಾತಂತೂ ಬಲು ಚೆನ್ನ. ಅದು ಬರೀ ಸಿಟ್ಟಲ್ಲ, ನೀನು ಬಂದು ರಮಿಸಬೇಕು ಎಂದು ಕಾಯುವ ಸಿಟ್ಟು. ಮಕ್ಕಳ ಸಿಟ್ಟಿನಲ್ಲಿ ಅರ್ಧ ಪಾಲು ಮುನಿಸೇ ಇರುತ್ತದೆ. "ಸಿಟ್ಟೋ, ಮುನಿಸೋ?" ಎಂದು ಕೇಳಿ ನೋಡಿ, ಉತ್ತರದ ಜೊತೆಗೆ ಸಣ್ಣ ನಗುವೂ ಬರುತ್ತದೆ. ಇನ್ನು ಬೇಸರ, ನಮ್ಮ ಕಡೆಯ ಬ್ಯಾಸರ, ಎಲ್ಲಕ್ಕೂ ಹೊದಿಸುವ ಕಂಬಳಿ. ಹೊತ್ತು ಹೋಗದಿದ್ದರೂ ಬ್ಯಾಸರ, ಗೆಳೆಯ ಜಗಳವಾಡಿದರೂ ಬ್ಯಾಸರ, ಅಜ್ಜ ಸತ್ತರೂ ಬ್ಯಾಸರ. ಆ ಕಂಬಳಿಯ ಕೆಳಗೆ ಏನಿದೆ ಎಂದು ನಿಧಾನವಾಗಿ ಎತ್ತಿ ನೋಡಬೇಕು. ಮನೆಯಲ್ಲಿ ತೆಲುಗೋ ಲಂಬಾಣಿಯೋ ಉರ್ದುವೋ ಆಡುವ ಮಗುವಾದರೆ ಆ ಮಾತಿನ ಪದವೇ ಮೊದಲು ಬರಲಿ.

ಹೆಸರಿಟ್ಟರೆ ಏನಾಗುತ್ತದೆ? ದೊಡ್ಡವರ ಮೇಲೆ ನಡೆದ ಒಂದು ಪ್ರಯೋಗ ಇಲ್ಲಿ ಉಪಯುಕ್ತ. 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಮೂವತ್ತು ಮಂದಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿ ಅವರ ಮೆದುಳಿನ ಚಟುವಟಿಕೆಯನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದರು. ಆ ಭಾವಕ್ಕೆ ಪದ ಆರಿಸಿದಾಗ, ಅಪಾಯಕ್ಕೆ ಎಚ್ಚರಿಸುವ ಅಮಿಗ್ಡಲ ಎಂಬ ಭಾಗದ ಸದ್ದು ಕಡಿಮೆಯಾಗಿತ್ತು. ಮಕ್ಕಳಲ್ಲೂ ಹಾಗೆಯೇ ಎಂದು ಇದರಿಂದಲೇ ಹೇಳುವುದು ಅವಸರ. ಹೆಸರಿಟ್ಟ ಮಾತ್ರಕ್ಕೆ ಕಷ್ಟ ಕರಗುವುದೂ ಇಲ್ಲ. ಪುಟ್ಟನ ಅವ್ವ ಮರುದಿನ ಬೆಂಗಳೂರಿನಿಂದ ಬರಲಿಲ್ಲ. ಸಾಲ ತೀರುವವರೆಗೆ ಬರಲಾಗುವುದೂ ಇಲ್ಲ. ಆದರೆ ಮನೆಯವರು ಮಾಡಬೇಕಾದದ್ದು ಬದಲಾಯಿತು. ಓಂಕಾಳಿನ ನೀರು ನಿಂತಿತು. ಅತ್ತೆ ಬೆಳಿಗ್ಗೆ ಅಂಗನವಾಡಿಯ ಬಾಗಿಲಲ್ಲಿ ನಿಂತು, "ಮಧ್ಯಾಹ್ನ ಅಜ್ಜಿ ಬರ್ತಾಳ, ನಾನು ಸಂಜಿ ಬರ್ತೀನಿ" ಎಂದು ಹೇಳಿಯೇ ಹೋಗತೊಡಗಿದಳು. ಹೇಳದೆ ಯಾರೂ ಹೋಗಬಾರದು ಎಂಬುದು ಮನೆಯ ನಿಯಮವಾಯಿತು. ಮಗು ಅತ್ತರೂ ಸರಿ. ಹೊಟ್ಟೆನೋವು ಒಮ್ಮೆಲೇ ಹೋಗಲಿಲ್ಲ, ವಾರಗಳು ಹಿಡಿದವು.

ಇಲ್ಲಿ ದೊಡ್ಡವರ ಕೆಲವು ಅಭ್ಯಾಸಗಳ ಬಗ್ಗೆ ಹೇಳದೆ ಇರಲಾರೆ. "ಅಳಬ್ಯಾಡ, ಕರಡಿ ಬರ್ತೈತಿ" ಎಂದು ಹೆದರಿಸುವುದು ನಮ್ಮ ಸೀಮೆಯಲ್ಲಿ ಉಂಟು. ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಸುತ್ತಲಿನ ಗುಡ್ಡಗಳ ಕರಡಿ ನಮಗೆ ಕಥೆಯ ಪ್ರಾಣಿಯಲ್ಲ, ನಸುಕಿನಲ್ಲಿ ಹೊಲಕ್ಕೆ ಹೋಗುವವರು ದಾರಿ ನೋಡಿಕೊಂಡೇ ಹೋಗುತ್ತಾರೆ. ಆ ಭಯ ಉಪಯೋಗದ ಭಯ. ಅದನ್ನು ಮಗುವಿನ ಅಳು ನಿಲ್ಲಿಸಲು ಬಳಸಿದರೆ, ಯಾವ ಭಯ ನಿಜ, ಯಾವುದು ಬೆದರಿಕೆ ಎಂದು ಅದಕ್ಕೆ ತಿಳಿಯುವುದು ಹೇಗೆ? "ಗಂಡುಹುಡುಗ ಆಗಿ ಅಳ್ತೀಯಾ?" ಎಂಬ ಇನ್ನೊಂದು ಮಾತು. ಹಾಗೆ ಕೇಳಿಸಿಕೊಂಡ ಹುಡುಗ ಅಳುವುದನ್ನು ನಿಲ್ಲಿಸಿ ಹೊಡೆಯುವುದನ್ನು ಕಲಿಯುತ್ತಾನೆ. ನಿಮ್ಮ ಕಾಲೇಜಿನಲ್ಲೂ ಅಂಥವರು ಇದ್ದಾರೆ, ನನ್ನ ಕಚೇರಿಯಲ್ಲೂ ಇದ್ದಾರೆ.

ತಮ್ಮನೋ ತಂಗಿಯೋ ಹುಟ್ಟಿದ ಮನೆಯ ಮಗುವಿನ ಕಷ್ಟ ಬೇರೆ. ಅದಕ್ಕೆ ಪಾಪುವಿನ ಮೇಲೆ ಪ್ರೀತಿಯೂ ಇದೆ, ಹೊಟ್ಟೆಕಿಚ್ಚೂ ಇದೆ. ಎರಡು ವಿರುದ್ಧ ಭಾವಗಳು ಒಟ್ಟಿಗೆ ಇರಬಹುದು ಎಂಬುದು ಸಾಮಾನ್ಯವಾಗಿ ಏಳೆಂಟು ವರ್ಷದವರೆಗೆ ಮಕ್ಕಳಿಗೆ ಹೇಳಲು ಬರುವುದಿಲ್ಲ. ಚಿತ್ರದಲ್ಲಾದರೆ ತೋರಿಸಬಹುದು. ತೊಟ್ಟಿಲು ತೂಗುತ್ತಲೇ ಮುಖ ಸಪ್ಪಗೆ ಮಾಡಿಕೊಂಡ ಅಣ್ಣ.

ಒಂದು ಎಚ್ಚರಿಕೆ. ಪುಸ್ತಕ ನೋಡುವಾಗ ಮಗು ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಭಯ ಹೇಳಿದರೆ, ಮೈಮೇಲಿನ ಪೆಟ್ಟಿನ ಬಗ್ಗೆಯೋ ಮುಟ್ಟಿದ ಬಗ್ಗೆಯೋ ಹೇಳಿದರೆ, ಅದನ್ನು ಕೆದಕಿ ಕೆದಕಿ ಕೇಳಬೇಡಿ, ಸುಮ್ಮನೆ ಬಿಡಲೂ ಬೇಡಿ. "ಹೇಳಿದ್ದು ಒಳ್ಳೆಯದಾಯಿತು" ಎಂದು ಹೇಳಿ, ನೀವು ನಂಬುವ ಹಿರಿಯರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ, ನೀವೂ, ಉಚಿತವಾಗಿ ಕರೆ ಮಾಡಬಹುದು.

ಪುಸ್ತಕ ಸಿಗದಿದ್ದರೆ ಮಾಡಿಕೊಳ್ಳಬಹುದು. ನೋಟುಬುಕ್ಕಿನ ನಾಲ್ಕು ಹಾಳೆಗಳನ್ನು ನಡುವೆ ಮಡಚಿ ದಾರದಿಂದ ಹೊಲಿದರೆ ಹದಿನಾರು ಪುಟ. ಚಿತ್ರ ಚೆನ್ನಾಗಿ ಬರೆಯಲು ಬರಬೇಕೆಂದಿಲ್ಲ, ಕಡ್ಡಿ ಕೈಕಾಲಿನ ಮನುಷ್ಯರೇ ಸಾಕು. ಮಗುವಿನ ಒಂದು ದಿನವನ್ನೇ ಬರೆಯಿರಿ. ನಾವು ದೃಶ್ಯ ಜೋಡಿಸುವಂತೆಯೇ ಬರೆಯಿರಿ: ಮೊದಲು ನಡೆದದ್ದು, ಆಮೇಲೆ ಮುಖ, ಆಮೇಲೆ ಮುಂದಾದದ್ದು. ಕೆಲವು ಮುಖಗಳನ್ನು ಖಾಲಿ ವೃತ್ತವಾಗಿಯೇ ಬಿಡಿ, ಬಾಯಿ ಕಣ್ಣು ಮಗುವೇ ಬರೆಯಲಿ.

ಮೆಟ್ರಿಯ ಹುಡುಗಿ ಇಂಥದ್ದೊಂದು ಪುಸ್ತಕ ಮಾಡಿದ್ದಾಳೆ. ಹೋದ ಸಲ ಹೋದಾಗ ನನಗೆ ತೋರಿಸಿದಳು. ಅವ್ವ ಚೀಲ ತುಂಬುವುದು, ಕಂಪ್ಲಿಯ ಬಸ್ಸು, ಅಂಗನವಾಡಿಯ ಬಾಗಿಲು, ಅಜ್ಜಿ ರೊಟ್ಟಿ ತಟ್ಟುವುದು, ರಾತ್ರಿ ಫೋನಿನಲ್ಲಿ ಅವ್ವನ ದನಿ, ಎಲ್ಲ ಇದೆ. ಕೊನೆಯ ಪುಟದಲ್ಲಿ ಅವ್ವ ಬಸ್ಸಿನಿಂದ ಇಳಿಯುವ ಚಿತ್ರ ಬರೆ ಎಂದು ಪುಟ್ಟ ಹಟ ಹಿಡಿದಿದ್ದನಂತೆ. "ಯಾವಾಗ ಬರ್ತಾರ ಅಂತ ನನಗೇ ಗೊತ್ತಿಲ್ಲ ಮಾಮಾ, ಹೆಂಗ ಬರೀಲಿ?" ಎಂದಳು. ಆ ಪುಟವನ್ನು ಖಾಲಿ ಬಿಟ್ಟಿದ್ದಾಳೆ. ಪುಟ್ಟ ಅದರ ಮೇಲೆ ಕೆಂಪು ಪೆನ್ಸಿಲಿನಿಂದ ಏನೋ ಗೀಚಿದ್ದಾನೆ. ಅದು ಏನೆಂದು ಕೇಳಿದರೆ ಒಂದು ದಿನ ಬಸ್ಸು ಎನ್ನುತ್ತಾನೆ, ಇನ್ನೊಂದು ದಿನ ಸಿಟ್ಟು ಎನ್ನುತ್ತಾನೆ.